ಉಣ್ಣುವವರ ಎದುರಿಗೆ ಹೇಳದ ಮಾತು

ಒಂಬತ್ತು ವರ್ಷ ನಾನು ಮಧ್ಯಾಹ್ನ ಬಿಸಿ ಅನ್ನ ಉಂಡದ್ದು ಭಾನುವಾರ ಮಾತ್ರ. ಉಳಿದ ದಿನ ಬೆಳಿಗ್ಗೆ ಐದೂವರೆಗೆ ಗಡಿಯಂಚಿನ ಮಾಜಾಳಿಯ ಮನೆ ಬಿಟ್ಟು, ಹೆದ್ದಾರಿಗೆ ನಡೆದು, ಗೋವಾದ ಔಷಧ ಕಾರ್ಖಾನೆಯ ಬಸ್ಸು ಹತ್ತಬೇಕು. ಅಲ್ಲಿ ದಿನವಿಡೀ ನಿಂತು ಗುಳಿಗೆ ಪ್ಯಾಕ್ ಮಾಡುವುದು. ಡಬ್ಬಿ ತೆರೆಯುವ ಹೊತ್ತಿಗೆ ಅನ್ನ ಕಲ್ಲು.

ಕಂಪನಿ ಪರದೇಶದ್ದು. ಇಂಥ ಕಂಪನಿಗಳಲ್ಲಿ ಮೊದಲನೆಯದು ಗೋವಾಕ್ಕೆ ಯಾಕೆ ಬಂತೋ ನನಗೆ ತಿಳಿಯದು. ಎರಡನೆಯದು ಮೊದಲನೆಯದನ್ನು ನೋಡಿ ಬಂತು, ಮೂರನೆಯದು ಇವೆರಡನ್ನೂ ನೋಡಿ. ಇತ್ತ ಕಾರವಾರದಲ್ಲಿ ಟೈಪಿಂಗ್ ಕಲಿಸುತ್ತಿದ್ದವರು ಕಾರ್ಖಾನೆಯ ಸಂದರ್ಶನಕ್ಕೆ ಇಂಗ್ಲಿಷ್ ಕಲಿಸತೊಡಗಿದರು. ಪೇಟೆಯ ಅಂಗಡಿಗಳಲ್ಲಿ ಊಟದ ಡಬ್ಬಿಗಳು ಸಾಲಾಗಿ ತೂಗಿದವು. ಗೋವಾ ಗುಳಿಗೆಯ ಊರಾಯಿತು, ನಮ್ಮದು ಗುಳಿಗೆ ಕಟ್ಟುವವರ ಊರು.

ಒಮ್ಮೆ ಸುದ್ದಿ ಬಂತು: ಕಾರವಾರ ದಾಟಿ ಅಂಕೋಲೆಯ ದಾರಿಯಲ್ಲಿ ಹೊಸ ಘಟಕಕ್ಕೆ ಜಾಗ ನೋಡುತ್ತಾರಂತೆ. ಅಲ್ಲಿ ಬೆಳಗಿನ ಪಾಳಿ ಸಿಕ್ಕರೆ ಮಧ್ಯಾಹ್ನದ ಊಟ ಮನೆಯಲ್ಲೇ. ನಾನು ಬೇಡದ ದೇವರಿಲ್ಲ. ಪರದೇಶದ ಸಾಹೇಬರೊಬ್ಬರು, ಜೊತೆಗೆ ನಮ್ಮ ಮ್ಯಾನೇಜರು ಬಂದರು. ದಾರಿ ಬಲ್ಲವಳೆಂದು ನನ್ನನ್ನೂ ಕರೆದೊಯ್ದರು. ಜಾಗ ನೋಡಿ ಮರಳುವಾಗ ಮಾಜಾಳಿ ಮುಟ್ಟುವಷ್ಟರಲ್ಲಿ ಊಟದ ಹೊತ್ತು. ಮನೆಯ ಮುಂದಿನಿಂದ ಹಸಿದವರನ್ನು ಕಳಿಸಲಾಗುತ್ತದೆಯೇ? ಅತ್ತೆ ಬಂಗಡೆ ಮೀನಿನ ಸಾರು, ಬಿಸಿ ಅನ್ನ ಬಡಿಸಿದರು.

ಸಾಹೇಬರು ಉಣ್ಣುತ್ತ ಏನೋ ಕೇಳಿದರು. ಮ್ಯಾನೇಜರು ಕನ್ನಡದಲ್ಲಿ ಹೇಳಿದರು: "ದಿನಾ ಅಷ್ಟು ದೂರ ಓಡಾಡೋದು ಕಷ್ಟ ಆಗಲ್ವಾ ಅಂತಾರೆ."

ನಮ್ಮ ಮನೆಗಳಲ್ಲಿ ಒಂದು ರೂಢಿ. ಉಣ್ಣುವವರ ಎದುರಿಗೆ ಕಷ್ಟ ಹೇಳಬಾರದು, ತುತ್ತು ಗಂಟಲಲ್ಲಿ ನಿಲ್ಲುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಎಂತಾ ಕಷ್ಟ ಸಾಹೇಬ್ರೇ? ಜ್ವರ ಬಂದ್ರೂ ಹೋಗ್ತದೆ ನಮ್ಮ ಸೊಸೆ. ಕೇರಿ ಅರ್ಧ ಹೀಂಗೇ ಹೋಗಿ ಬತ್ತದೆ" ಎಂದರು.

ಮ್ಯಾನೇಜರು ನನ್ನ ಮುಖ ನೋಡಿದರು. ನನ್ನ ಕಾಲು ಬಾತುಕೊಂಡಿತ್ತು. "ಹೌದು ಸರ್, ಅಭ್ಯಾಸ ಆಗಿದೆ" ಎಂದು ಇನ್ನೊಂದು ಬಂಗಡೆ ಬಡಿಸಿದೆ. ಸುಳ್ಳೇಕೆ, ಹೆಮ್ಮೆಯೂ ಆಯಿತು.

ಎರಡು ತಿಂಗಳ ಮೇಲೆ ಮ್ಯಾನೇಜರು ಕರೆದರು. "ಸಾಹೇಬ್ರು ಅಲ್ಲಿ ಕಟ್ಟೋದು ಬೇಡ ಅಂದ್ರಮ್ಮ. ಜನ ಇಲ್ಲಿಗೇ ಬರ್ತಾರಲ್ಲ, ಇಲ್ಲೇ ದೊಡ್ಡದು ಮಾಡಿ ಬಸ್ಸು ಹೆಚ್ಚಿಸಿ ಅಂದ್ರು. ನಿಮ್ಮನೆ ಊಟ ಮಾತ್ರ ಮರೆತಿಲ್ಲ."

ನನಗೆ ಅಳುವಷ್ಟು ತ್ರಾಣವೂ ಇರಲಿಲ್ಲ. ಹೋಗಿ ಗುಳಿಗೆ ಕಟ್ಟುವ ಸಾಲಿನಲ್ಲಿ ನಿಂತೆ.

ಹೊಸ ಬಸ್ಸು ಅಂಕೋಲೆಯಿಂದಲೇ ಹೊರಟು ನಮ್ಮ ಕೇರಿಯ ಬಾಯಿಗೇ ಬಂತು. "ಕಂಡ್ಯಾ? ಊಟ ಹಾಕಿದ್ದು ಎಲ್ಲೂ ಹೋಗೂದಿಲ್ಲ" ಎಂದು ಅತ್ತೆ ಡಬ್ಬಿ ಕೊಟ್ಟರು. ಬಸ್ಸಿನೊಳಗೆ ಅಂಕೋಲೆಯ ಹುಡುಗಿಯರು, ನಾಲ್ಕಕ್ಕೇ ಎದ್ದವರು, ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಎಚ್ಚರವಿದ್ದವಳು ಒಬ್ಬಳೇ. ಪಕ್ಕದಲ್ಲಿ ಜಾಗ ಕೊಟ್ಟು ಕೇಳಿದಳು: "ಅಕ್ಕಾ, ಫ್ಯಾಕ್ಟ್ರಿ ನಮ್ ಬದಿಗೇ ಬತ್ತದೆ ಅಂದಿದ್ರಲ್ಲ, ಎಂತಕ್ಕೆ ಬರ್ಲಿಲ್ಲ?"

ಅವಳ ಮಡಿಲಲ್ಲಿ ಅವಲಕ್ಕಿಯ ಡಬ್ಬಿ ತೆರೆದಿತ್ತು, ಬಾಯಲ್ಲಿ ತುತ್ತಿತ್ತು.

"ಗೊತ್ತಿಲ್ಲ ತಂಗಿ" ಎಂದೆ.