ಸರ್ ಬಿಸಿಲಿಗೆ ದಾಟಿದ ದಿನ

ಕೂಡ್ಲಿಗಿ ಬಸ್ ನಿಲ್ದಾಣದ ಹತ್ತಿರ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಮಗಳಿಗೆ ಸ್ಕಿಪ್ಪಿಂಗ್ ಹಗ್ಗ ನೋಡುತ್ತ ನಿಂತಿದ್ದೆ. ಅಂಗಡಿಯವರು ಹೊಸ ಬ್ಯಾಸ್ಕೆಟ್‌ಬಾಲೊಂದಕ್ಕೆ ಗಾಳಿ ತುಂಬಲು ಕೂತರು. ಪಂಪಿನ ಸೂಜಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಚೆಂಡಿನ ತೂತಿಗೆ ಚುಚ್ಚಿದರು. ರಬ್ಬರಿನ ವಾಸನೆ ಮೆಲ್ಲಗೆ ನನ್ನ ತನಕ ಬಂತು. ಬಿಸಿಲಿಗೆ ಕಾದ ರಬ್ಬರು, ಅದಕ್ಕೆ ಹತ್ತಿದ ಕೆಂಪು ಮಣ್ಣು, ಬೇವಿನ ಮರದ ನೆರಳು… ಎಲ್ಲ ಒಟ್ಟಿಗೆ ಬಂದವು. ನಮ್ಮ ಪಿ.ಟಿ. ಸರ್ ಕೂಡ ಹೀಗೆಯೇ ಸೂಜಿಯನ್ನು ನಾಲಿಗೆಗೆ ತಾಗಿಸುತ್ತಿದ್ದರು.

ನಾನು ಕೊಟ್ಟೂರಿನಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ಯಾರೋ ದಾನಿಗಳು ನಮ್ಮ ಶಾಲೆಗೆ ಬ್ಯಾಸ್ಕೆಟ್‌ಬಾಲ್ ಕಂಬ ಕೊಡಿಸಿದರು. ಒಂದೇ ಕಂಬ. ಎರಡನೆಯದು ಬರುತ್ತದೆ ಎಂದಿದ್ದರು, ನಾವು ಶಾಲೆ ಬಿಡುವವರೆಗೂ ಬರಲಿಲ್ಲ. ಹಾಗಾಗಿ ನಾವು ಯಾವಾಗಲೂ ಒಂದೇ ದಿಕ್ಕಿಗೆ ಆಡುತ್ತಿದ್ದೆವು. ಕಂಬದ ಕಡೆ ಮುಖ ಮಾಡಿದರೆ ಎಡಕ್ಕೆ ಬೇವಿನ ಮರ. ಅದರ ಕೆಳಗೆ, ಪ್ಯಾಂಟನ್ನು ಪಾದದ ಮೇಲಕ್ಕೆ ಮಡಚಿಕೊಂಡು, ಸರ್.

ಸರ್ ಕುರಿ ಕಾಯುವ ಮನೆಯವರು. ಆ ಮನೆಯಿಂದ ಓದಿ ನೌಕರಿಗೆ ಬಂದ ಮೊದಲಿಗರು. ಹುಡುಗಿಯರ ತಂಡ ಕಟ್ಟುತ್ತೇನೆಂದು ಅವರು ಹೇಳಿದ ಸಂಜೆ ನಾವು ಹದಿನಾಲ್ಕು ಮಂದಿ ಸಾಲಾಗಿ ನಿಂತಿದ್ದೆವು.

"ಮೊದಲು ಒಬ್ಬಾಕಿನ್ನ ಆರಿಸ್ತೀನಿ. ಉಳಿದ ನಾಲ್ಕು ಮಂದಿ ಆಕಿ ಸುತ್ತ. ಆಕಿ ಸರಿ ಇದ್ರ ಟೀಮು ತಾನ ಆಗತೈತಿ," ಎಂದರು.

ಎಲ್ಲರೂ ನನ್ನ ಕಡೆ ನೋಡಿದರು. ಅವರಲ್ಲಿ ಎತ್ತರ ಇದ್ದವಳು ನಾನು. ಚೆಂಡು ಹಾಕಲು ಬರುತ್ತಿದ್ದದ್ದೂ ನನಗೆ. ಆದರೆ ಸರ್ ಚೆಂಡನ್ನು ಮುಟ್ಟಲೇ ಇಲ್ಲ. ದೂರದ ಹುಣಸೆಮರದ ಕಡೆ ಓಡಬೇಕು, ಸೀಟಿ ಊದಿದ ಕೂಡಲೇ ತಿರುಗಿ ಬರಬೇಕು ಎಂದರು. ನಾವು ಓಡಿದೆವು. ನಾನು ಎಲ್ಲರಿಗಿಂತ ಮುಂದಿದ್ದೆ. ಧೂಳು ಸಂಜೆಯ ಬೆಳಕಿನಲ್ಲಿ ಅರಿಶಿನದ ಹಾಗೆ ತೇಲುತ್ತಿತ್ತು…

ಸರ್ ಆರಿಸಿದ್ದು ನನ್ನನ್ನಲ್ಲ, ನನ್ನ ಬೆಂಚಿನ ಗೆಳತಿಯನ್ನು. ಓಟದಲ್ಲಿ ನಡುವೆ ಎಲ್ಲೋ ಇದ್ದಳು. ಸಣ್ಣ ಮೈಯವಳು.

"ನಮ್ಮಪ್ಪ ಹಿಂಡಿನಾಗ ಯಾವುದಕ್ಕ ಗಂಟಿ ಕಟ್ಟತಿದ್ದ ಗೊತ್ತೇನ್ರೆ?" ಎಂದು ಸರ್ ಕೇಳಿದರು. "ಮುಂದ ಓಡೋದಕ್ಕಲ್ಲ. ಹಿಂದ ಬರೋವು ಅದಾವೋ ಇಲ್ಲೋ ಅಂತ ತಿರುಗಿ ನೋಡ್ತೈತಲ್ಲ, ಅದಕ್ಕ. ಈಕಿ ಐದು ಸಲ ತಿರುಗಿ ನೋಡಿದ್ಲು. ನಾ ಎಣಿಸೀನಿ."

"ಯವ್ವಾ, ನಮ್ಮನ್ನ ಕುರಿ ಮಾಡ್ಯಾರಲ್ಲೇ!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸರ್ ಕೂಡ ನಕ್ಕರು.

ಗೆಳತಿ ಐದು ಸಲ ಯಾಕೆ ತಿರುಗಿದಳೆಂದು ನನಗೊಬ್ಬಳಿಗೇ ಗೊತ್ತಿತ್ತು. ಅವಳಿಗೆ ಬಲಗಿವಿ ಕೇಳುತ್ತಿರಲಿಲ್ಲ. ಸೀಟಿ ಊದಿದ್ದು ತಪ್ಪಿಹೋದೀತು ಎಂಬ ಹೆದರಿಕೆಗೆ ಸರ್ ಬಾಯನ್ನು ನೋಡುತ್ತಿದ್ದಳು. ತರಗತಿಯಲ್ಲೂ ಬಲಗಡೆ ಗೋಡೆ ಬರುವ ಹಾಗೆ ಕೂರುತ್ತಿದ್ದಳು. ಅದನ್ನು ನಾನು ಕಂಡುಹಿಡಿದ ದಿನ ನನ್ನ ಮುಂಗೈ ಗಟ್ಟಿಯಾಗಿ ಹಿಡಿದು, "ಯಾರ ಮುಂದಾದ್ರೂ ಅಂದಿ ಅಂದ್ರ ನಮ್ಮವ್ವ ಸಾಲಿ ಬಿಡಿಸ್ತಾಳ. ಕಿವುಡಿ ಅಂತ ಹೆಸರು ಬಿದ್ರ ಯಾರು ಲಗ್ನ ಮಾಡ್ಕಂತಾರ ಅಂತ ದಿನಾ ಅಳ್ತಾಳ," ಎಂದಿದ್ದಳು. ನಾನು ಮಾತು ಕೊಟ್ಟಿದ್ದೆ.

ಸರ್ ತಪ್ಪು ಕಾರಣಕ್ಕೆ ಆರಿಸಿದ್ದರು. ಆದರೂ ಆಯ್ಕೆ ತಪ್ಪಾಗಲಿಲ್ಲ. ಕಿವಿ ಕೊಡದ್ದನ್ನೆಲ್ಲ ಅವಳ ಕಣ್ಣು ಹುಡುಕುತ್ತಿತ್ತು. ಯಾರು ಎಲ್ಲಿ ಓಡುತ್ತಿದ್ದಾರೆ, ಯಾರ ಮುಂದೆ ಜಾಗ ಖಾಲಿ ಇದೆ, ಎಲ್ಲವೂ ಅವಳಿಗೆ ಕಾಣುತ್ತಿತ್ತು. ಆರು ತಿಂಗಳಲ್ಲಿ ನಾವು ನಾಲ್ಕು ಮಂದಿ ಅವಳ ಸುತ್ತ ನಿದ್ದೆಯಲ್ಲಿ ನಡೆದಂತೆ ಸರಾಗವಾಗಿ ಆಡತೊಡಗಿದೆವು. ಬೇವಿನ ಮರದ ಕೆಳಗಿನಿಂದ ಸರ್ ಕೂಗಿದ್ದು ಅವಳ ಎಡಗಿವಿಗೆ ಬೀಳುತ್ತಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ಮೊದಲ ಪಂದ್ಯ. ಅಲ್ಲಿ ಕಂಬಗಳು ಎರಡು. ಅರ್ಧ ಆಟ ಮುಗಿಯುವವರೆಗೆ ಶಾಮಿಯಾನದ ಕೆಳಗಿನ ನಮ್ಮ ಬೆಂಚು ಎಡಕ್ಕಿತ್ತು, ಸರ್ ಅಲ್ಲೇ ಇದ್ದರು. ನಾವು ಮುಂದಿದ್ದೆವು. ಆಮೇಲೆ ದಿಕ್ಕು ಬದಲಾಯಿತು. ಸರ್ ಅವಳ ಬಲಕ್ಕೆ ಬಂದರು. ಎಡಕ್ಕೆ ಬಿಸಿಲಿನಲ್ಲಿ ನಿಂತ ಜನ ಕೂಗುತ್ತಿದ್ದರು.

"ಹಾಕಬ್ಯಾಡ, ಹಿಂದಕ್ಕ ಕೊಡು!" ಎಂದು ಸರ್ ಕೂಗಿದರು. ಅವಳು ಹಾಕಿದಳು. ಚೆಂಡು ಕಬ್ಬಿಣಕ್ಕೆ ಬಡಿದು ಹೊರಗೆ ಬಿತ್ತು. ಮತ್ತೆ ಕೂಗಿದರು. ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲಕ್ಕೆ ಅವಳನ್ನು ಹೊರಗೆ ಕರೆದು ಕೂರಿಸಿ, "ಇನ್ನ ನೀನ ನಡುವ ನಿಂದರು," ಎಂದು ನನಗೆ ಹೇಳಿದರು.

ಆಗಲೇ ಹೇಳಬಹುದಾಗಿತ್ತು. ಹೇಳಲಿಲ್ಲ. ಕೊಟ್ಟ ಮಾತಿಗೆ ಸುಮ್ಮನಿದ್ದೆ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ನಿಜವೆಂದರೆ ಅವತ್ತು ಮೊದಲ ಸಲ ಚೆಂಡೆಲ್ಲ ನನ್ನ ಕೈಗೇ ಬರುತ್ತಿತ್ತು, ಅದು ನನಗೆ ಹಿತವಾಗಿತ್ತು. ನಾನು ಒಂದು ಬ್ಯಾಸ್ಕೆಟ್ ಹಾಕಿದೆ. ಎದುರಿನವರು ನಾಲ್ಕು ಹಾಕಿದರು.

ಸರ್ ಟೈಮ್‌ಔಟ್ ಕೇಳಿದರು. ನಾವು ನೀರು ಕುಡಿಯುತ್ತಿದ್ದೆವು. ಸರ್ ಗೆಳತಿಯ ಬಲಕ್ಕೆ ನಿಂತಿದ್ದರು.

"ನಿನ್ನ ಆರಿಸಿ ನಾ ಕೆಟ್ಟೆ," ಎಂದರು. ಮೆಲ್ಲಗೇ ಅಂದರು.

ಅವಳಿಗೆ ಕೇಳಲಿಲ್ಲ. ಯಾರೋ ಪಕ್ಕದಲ್ಲಿ ನಿಂತಿದ್ದಾರೆಂದು ಅನ್ನಿಸಿರಬೇಕು, ತಲೆ ಎತ್ತಿ ನೋಡಿದಳು. ಸರ್ ಎಂದು ಗೊತ್ತಾಗಿ ನಕ್ಕಳು.

"ನೋಡು, ಇದಕ್ಕೂ ನಗ್ತಾಳ!" ಸರ್ ಮುಖ ಕೆಂಪಾಯಿತು.

ಆ ನಗು ಈಗಲೂ ನನ್ನ ಕಣ್ಣ ಮುಂದಿದೆ. ಮಾಡಿದ ತಪ್ಪು ಇನ್ನೂ ಗೊತ್ತಿಲ್ಲದ ಮಗುವಿನ ಹಾಗೆ ನಕ್ಕಿದ್ದಳು. ನಾನು ನೀರಿನ ಲೋಟ ಕೆಳಗಿಟ್ಟೆ.

"ಸರ್, ನೀವು ಆ ಕಡಿ ಹೋಗಿ ನಿಂದರ್ರಿ," ಎಂದೆ.

"ಯಾಕ?"

"ಸುಮ್ನ ಹೋಗ್ರಿ ಸರ್. ಆ ಕಡಿ ನಿಂತು ಕೂಗ್ರಿ. ಆಕಿ ಆಡ್ತಾಳ."

ಸರ್ ನನ್ನನ್ನು ನೋಡಿದರು. ಅವಳನ್ನು ನೋಡಿದರು. ಅವಳ ಬಲಗಿವಿಯನ್ನು, ಅದನ್ನು ಮುಚ್ಚುವ ಹಾಗೆ ಇಳಿಬಿಟ್ಟ ಕೂದಲನ್ನು ನೋಡಿದರು. ಆಮೇಲೆ ಅವಳನ್ನು ಮತ್ತೆ ಆಟಕ್ಕೆ ಇಳಿಸಿ, ಕಂಬದ ಹಿಂದಿನಿಂದ ಸುತ್ತಿ ಜನರಿದ್ದ ಕಡೆಗೆ ನಡೆದರು.

"ಸರ್, ಕೋಚು ಈ ಕಡಿನ ಇರಬೇಕ್ರಿ," ಎಂದು ರೆಫ್ರಿ ತಡೆದರು.

"ಅಲ್ಲಿ ಬಿಸ್ಲು ಭಾಳ ಐತ್ರಿ. ತಲಿ ಸುತ್ತತೈತಿ."

"ಶಾಮಿಯಾನದ ಕೆಳಗ ಬಿಸ್ಲೇನ್ರಿ!" ಎಂದು ಯಾರೋ ಕೂಗಿದರು. ಜನ ಗೊಳ್ಳೆಂದರು. ರೆಫ್ರಿಯೂ ನಕ್ಕು ಸುಮ್ಮನಾದರು.

ಆಟ ಮುಗಿಯುವವರೆಗೆ ಸರ್ ಸುಡುವ ಬಿಸಿಲಿನಲ್ಲಿ, ಜನರ ನಡುವೆ ನಿಂತು ಅವಳ ಎಡಗಿವಿಗೆ ಕೂಗಿದರು. ಎರಡು ಪಾಯಿಂಟಿನಿಂದ ಸೋತೆವು. ಬಸ್ಸಿನಲ್ಲಿ ಸರ್ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಿದರು, ತಾವು ಕಿಟಕಿಯ ಹೊರಗೆ ನೋಡುತ್ತ ಕೂತರು.

ಮರುದಿನದಿಂದ ಮೈದಾನದಲ್ಲಿ ಯಾರೂ ಕೂಗಬಾರದು ಎಂದು ನಿಯಮ ಮಾಡಿದರು. ಕೈ ಎತ್ತಿದರೆ ಒಂದು ಅರ್ಥ, ಮುಷ್ಟಿ ಹಿಡಿದರೆ ಒಂದು ಅರ್ಥ. ಮುಂದಿನ ವರ್ಷ ನಾವು ಗೆದ್ದ ಪಂದ್ಯಗಳಲ್ಲಿ, "ಕೊಟ್ಟೂರು ಹುಡುಗ್ಯಾರು ಮೂಗರ ಹಂಗ ಆಡ್ತಾರ," ಎಂದು ಬೇರೆ ಶಾಲೆಯವರು ಅಣಕಿಸುತ್ತಿದ್ದರು. ಯಾಕೆ ಹೀಗೆ ಎಂದು ಸರ್ ನಮ್ಮಲ್ಲಿ ಯಾರಿಗೂ ಹೇಳಲಿಲ್ಲ. ನನ್ನನ್ನೂ ಒಮ್ಮೆಯೂ ಕೇಳಲಿಲ್ಲ. ಗೆಳತಿ ಹತ್ತನೇ ತರಗತಿ ಮುಗಿಸಿದಳು, ಕಾಲೇಜಿಗೂ ಹೋದಳು.

ಸರ್ ತೀರಿಕೊಂಡ ಮೇಲೆ ನಾವಿಬ್ಬರೂ ಕಾನಹೊಸಹಳ್ಳಿ ಕಡೆಯ ಅವರ ಊರಿಗೆ ಹೋಗಿದ್ದೆವು. ಗೆಳತಿ ಈಗ ಕಿವಿಗೆ ಮಿಷನ್ ಹಾಕಿಕೊಳ್ಳುತ್ತಾಳೆ, ಕೂದಲು ಎತ್ತಿ ಕಟ್ಟುತ್ತಾಳೆ. ಸರ್ ಹೆಂಡತಿಯ ಮುಂದೆ ಕೂತು, "ಅಮ್ಮಾ, ನನಗ ಆಗಿಂದ್ಲೂ ಈ ಕಿವಿ ಕೇಳ್ತಿದ್ದಿಲ್ರಿ. ಸರ್‌ಗೆ ಹೇಳಲಾರದ ಉಳಕೊಂಡೆ," ಎಂದಳು.

"ಅವರಿಗೆ ಗೊತ್ತಿತ್ತವ್ವಾ," ಎಂದರು ಆ ತಾಯಿ. "ಹಗರಿಬೊಮ್ಮನಹಳ್ಳಿಯಿಂದ ಬಂದ ದಿನ ಉಣ್ಣಲಿಲ್ಲ. ಕೇಳಲಾರದ ಕೂಸಿಗೆ ಕೆಟ್ಟ ಮಾತು ಅಂದೆ, ಅದು ನಕ್ಕಂತ ನನ್ನ ನೋಡ್ತು ಅಂದ್ರು. ಭಾಳ ವರ್ಷ ಅದನ್ನ ಅಂತಿದ್ರು."

ಗೆಳತಿ ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟು ಕೂತಿದ್ದೆ.

ಅಂಗಡಿಯವರು, "ಹಗ್ಗ ಕಟ್ಲೇನ್ರಿ ಅಕ್ಕಾರ?" ಎಂದು ಎರಡನೇ ಸಲ ಕೇಳಿದರು. ಕಟ್ಟಿಸಿಕೊಂಡು ಹೊರಗೆ ಬಂದೆ. ಕೊಟ್ಟೂರು ಬಸ್ಸು ಹೊರಟು ನಿಂತಿತ್ತು. ಅವತ್ತು ಎದುರಿನವರ ನಾಲ್ಕು ಬ್ಯಾಸ್ಕೆಟ್ ಬೀಳುವಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದೆ. ಮೊದಲೇ ಹೇಳಿದ್ದರೆ ಸರ್ ಆ ಮಾತು ಆಡುತ್ತಿರಲಿಲ್ಲ. ಅಷ್ಟು ವರ್ಷ ಅವರೊಬ್ಬರೇ ಹೊತ್ತ ತಪ್ಪಿನಲ್ಲಿ ಅರ್ಧ ನನ್ನದು, ಸರ್. ಇದನ್ನು ಕೇಳಿಸಿಕೊಳ್ಳಲು ಈಗ ನೀವಿಲ್ಲ.