ಭುಜದೊಳಗಿನ ಮೂರು ಚೂರು

ಬಾಳ ವರ್ಷದ ಹಿಂದ ಒಂದು ಮದುವಿ ಮೆರವಣಿಗ್ಯಾಗ ಯಾರೋ ಖುಷಿಗೆ ಅಂತ ಬಂದೂಕು ಹಾರಿಸಿದರು. ನಾ ಬದುಕಿದೆ, ಆದರ ಗುಂಡಿನ ಮೂರು ಚೂರು ಎಡಭುಜದಾಗ ಉಳಕೊಂಡಾವು. ಆ ಕೈ ಮ್ಯಾಲ ಏಳೂದಿಲ್ಲ. ನನ್ನ ಆಟ ಮುಗೀತು ಅಂತ ಮುನವಳ್ಳಿ ಹುಡುಗೇರಿಗೆ ಖೋಖೋ ಕಲಸಾಕ ಹತ್ತಿದೆ. ಕಲಸಾಕ ಬಾಯಿ, ಸೀಟಿ ಇದ್ದರ ಸಾಕು.

ಮೊನ್ನೆ ಸವದತ್ತಿಯೊಳಗ ಪಂದ್ಯ ಇತ್ತು. ದೊಡ್ಡ ಅತಿಥಿ ಬರತಾರಂತ ಗೇಟಿಗೆ ಲೋಹ ಹುಡುಕೂ ಮಷೀನು ನಿಲ್ಲಿಸಿದ್ದರು. ಹುಡುಗೇರು ಸುಮ್ಮನ ದಾಟಿದರು. ನಾ ದಾಟಿದರ ಅದು ಕೂಗಿತು.

"ಕಿಸೇದಾಗಿಂದೆಲ್ಲಾ ತಾಟಿನಾಗ ಇಡ್ರಿ," ಅಂದ ಗೇಟು ಕಾಯಾಂವ.

ಕೀಲಿ, ಸೀಟಿ ಇಟ್ಟೆ. ಮತ್ತ ಕೂಗಿತು.

"ಭುಜದಾಗ ಗುಂಡಿನ ಚೂರು ಅದಾವ್ರಿ," ಅಂದೆ.

"ಅವನ್ನೂ ತೆಗದಿಡ್ರಿ. ಹೋಗೂಮುಂದ ವಾಪಸ್ ಕೊಡತೇವಿ."

"ಡಾಕ್ಟರಿಗೇ ತೆಗಿಯಾಕ ಆಗಿಲ್ರಿ."

ಅವ ನನ್ನ ಭುಜ ನೋಡಿದ, ಮಷೀನು ನೋಡಿದ. "ಹಂಗಾರ ದವಾಖಾನಿ ಚೀಟಿ ತರ್ರಿ. ನಮಗ ಹಂಗ ಹೇಳ್ಯಾರ."

ಒಳಗ ನಮ್ಮ ತಂಡದ ಹೆಸರು ಕರಿಯಾಕ ಹತ್ತಿದ್ದರು. ವಾದ ಮಾಡಾಕ ನನಗ ತ್ರಾಣ ಇರಲಿಲ್ಲ. ಇಷ್ಟು ವರ್ಷ ಕಂಡಕಂಡವರಿಗೆ ಇದನ್ನ ಹೇಳಿ ಹೇಳಿ ಸಾಕಾಗೇತಿ. ತಂತಿ ಬೇಲಿ ಹಿಡಕೊಂಡು ಹೊರಗಿಂದನ ಒದರಿದೆ. ಹುಡುಗೇರು ನನ್ನ ದನಿ ಕೇಳಿ ಕೇಳಿ ಓಡಿದರು, ಗೆದ್ದರು.

ಅಷ್ಟರಾಗ ಅತಿಥಿ ಬಂದರು. ಅವರ ಹಿಂದ ಬಂದೂಕು ಹೊತ್ತ ಅಂಗರಕ್ಷಕ. ಮಷೀನು ನನಗ ಕೂಗಿದ್ದಕ್ಕಿಂತ ಜೋರಾಗಿ ಕೂಗಿತು. ಗೇಟು ಕಾಯಾಂವ ಸಲಾಮು ಹೊಡದು ದಾರಿ ಬಿಟ್ಟ.

ಮುಂದಿನ ಸಲ ಚೀಟಿ ತರೂದಕ್ಕಿಂತ ಬಂದೂಕು ತರೂದ ಸಲೀಸು ಕಾಣತೈತಿ.