ಪೆಂಡಾಲಿನ ಗುಂಡಿ

ಶಾಲು ಕಂಡರೆ ಕೊಟ್ರೇಶನಿಗೆ ಈಗ ಹೇಸಿಗೆ. ಮೊದಲು ಹಾಗಿರಲಿಲ್ಲ. ಹಿರೇವಡ್ಡಟ್ಟಿಯಿಂದ ಹಾಕಿ ಸ್ಟಿಕ್ ಹಿಡಿದು ಬೆಂಗಳೂರು ಸೇರಿ, ಹನ್ನೊಂದು ವರ್ಷ ಸಂಬಳಕ್ಕೆ ಆಡಿದವನು; ಲೀಗ್ ಪಂದ್ಯಗಳಲ್ಲಿ ಟಿವಿಯಲ್ಲೂ ಕಂಡವನು. ಊರಿಗೆ ಬಂದಾಗಲೆಲ್ಲ ಗದಗಿನಲ್ಲೊಂದು, ಮುಂಡರಗಿಯಲ್ಲೊಂದು, ಶಿರಹಟ್ಟಿಯಲ್ಲೊಂದು ಸನ್ಮಾನ. ಕತ್ತು ಬಗ್ಗಿಸಿ ಹಾರ ಹಾಕಿಸಿಕೊಂಡದ್ದೇ ಹಾಕಿಸಿಕೊಂಡದ್ದು. ಹೆಂಡತಿ ಅನ್ನಪೂರ್ಣ ಶಾಲುಗಳನ್ನು ಟ್ರಂಕಿಗೆ ತುಂಬಿ ಸಾಕಾಗಿ, ಕೊನೆಗೆ ಹಿಟ್ಟಿನ ಡಬ್ಬಿಗಳಿಗೆ ಹೊದಿಸಿದಳು.

ಮೊಣಕಾಲು ಕೈಕೊಟ್ಟ ಮೇಲೆ ಬೆಟಗೇರಿಗೆ ಬಂದು ಹುಡುಗಿಯರಿಗೆ ಕೋಚ್ ಆದ. ಮೈದಾನವೆಂದರೆ ಮೊರಂ ಮಣ್ಣು ಹಾಕಿ ರೋಲರ್ ಎಳೆದ ಬಯಲು. ಅವನಿಗೆ ಆಟ ಕಲಿಸಿದ ಪುಂಡಲೀಕಪ್ಪನವರದೊಂದು ಪದ್ಧತಿ ಇತ್ತು: ಆಟಗಾರರು ಬರುವ ಮುಂಚೆ ಕೋಚ್ ಬರಿಗಾಲಲ್ಲಿ ಇಡೀ ಮೈದಾನ ತುಳಿಯಬೇಕು. ಕಣ್ಣಿಗೆ ಕಾಣದ ತಗ್ಗು ಪಾದಕ್ಕೆ ಗೊತ್ತಾಗುತ್ತದೆ. ನಾಲ್ಕು ವರ್ಷ ಕೊಟ್ರೇಶ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಲಕ್ಷ್ಮೇಶ್ವರದಿಂದ ಮೊದಲ ಬಸ್ಸಿಗೆ ಬರುತ್ತಿದ್ದ ಸುಶ್ಮಿತಾ ಅವನ ತಂಡದ ಜೀವ. ಕ್ರೀಡಾ ವಸತಿ ಶಾಲೆಯ ಆಯ್ಕೆಗೆ ಐದು ದಿನ ಉಳಿದಿತ್ತು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ತಂಡ ಆಗಷ್ಟೇ ವಿಭಾಗ ಮಟ್ಟದಲ್ಲಿ ಗೆದ್ದಿತ್ತು. ಸರಿ, ಮೆಣಸಿನಕಾಯಿ ವ್ಯಾಪಾರಿ ನಿಜಲಿಂಗಪ್ಪನವರು, ಸನ್ಮಾನ ಸಮಿತಿಗೆ ಕಾಯಂ ಅಧ್ಯಕ್ಷರು, ಕೋಚ್‌ಗೆ ಸತ್ಕಾರವೆಂದು ಮೈದಾನದಲ್ಲೇ ಪೆಂಡಾಲ್ ಹಾಕಿಸಿದರು. ಕೊಟ್ರೇಶ ಬೇಡವೆನ್ನಲಿಲ್ಲ, ಒಳಗೊಳಗೇ ಹಿಗ್ಗಿದ್ದ. ಗೋಲಿನ ಮುಂದೆಯೇ ಕಂಬಗಳಿಗೆ ಗುಂಡಿ ತೋಡಿದರು. ಗೆದ್ದ ಹುಡುಗಿಯರು ಹಾರದ ತಟ್ಟೆ ಹಿಡಿದು ನಿಂತರು, ಆಡದವರು ಎರಡು ತಾಸು ಭಾಷಣ ಕೊರೆದರು, ಗುಟ್ಕಾ ಉಗುಳಿದರು. ಆಮೇಲೆ ಕಂಬ ಕಿತ್ತು, ಗುಂಡಿಗಳ ಬಾಯಿಗೆ ಹಾರದ ಕಸ ತುರುಕಿ, ಮೇಲೆ ಒಂದಿಷ್ಟು ಮಣ್ಣೆಳೆದು ಹೋದರು. ಥೂ!

ಮರುದಿನ ಬೆಳಿಗ್ಗೆ ಕೊಟ್ರೇಶ ಮೈದಾನ ತುಳಿಯಲಿಲ್ಲ. ಸಮಿತಿ ಕೊಟ್ಟ ಹೊಸ ಬೂಟು ಕಾಲಲ್ಲಿತ್ತು. ಮೊಬೈಲಿನಲ್ಲಿ ತನ್ನದೇ ಹಾರದ ಫೋಟೋ ನೋಡುತ್ತ ಗೆರೆಯಾಚೆ ನಿಂತಿದ್ದ. ಚೆಂಡು ಬೆನ್ನಟ್ಟಿ ಬಂದ ಸುಶ್ಮಿತಾಳ ಕಾಲು ಗುಂಡಿಯಲ್ಲಿ ಹೂತುಹೋಯಿತು. ಎಲುಬು ಮುರಿದ ಸದ್ದು ಅವನಿಗೂ ಕೇಳಿಸಿತು.

ಆಯ್ಕೆಯ ದಿನ ಅವಳು ಲಕ್ಷ್ಮೇಶ್ವರದ ಮನೆಯಲ್ಲಿ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕುಳಿತಿದ್ದಳು. ನೋಡಲು ಹೋದ ಕೊಟ್ರೇಶನಿಗೆ ತನ್ನ ಮೇಲೆಯೇ ಹೇಸಿಗೆಯಾಗಿತ್ತು. ಅವಳ ತಾಯಿ ಸುಮಿತ್ರವ್ವ ಬಾಯಿಗೆ ಬಂದಂತೆ ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಕೆ ಚಹಾ ಕೊಟ್ಟಳು. ಅಷ್ಟರಲ್ಲಿ ನಿಜಲಿಂಗಪ್ಪನವರು ಹಣ್ಣಿನ ಬುಟ್ಟಿ ಹಿಡಿದು, ಫೋಟೋ ತೆಗೆಯುವವನ ಜೊತೆ ಬಂದರು.

“ಇಂಥಾ ಧೈರ್ಯದ ಹುಡುಗಿಗೆ ಒಂದು ಸನ್ಮಾನ ಮಾಡಬೇಕಂತ ಮಾಡೇವ್ರಿ, ಕೋಚ್ ಸಾಹೇಬ್ರ.”

ಸುಶ್ಮಿತಾ ತಲೆಯೆತ್ತಿದಳು. “ಪೆಂಡಾಲ್ ಎಲ್ಲಿ ಹಾಕ್ತೀರ್ರಿ, ಅಜ್ಜಾರ?”

“ಅಲ್ಲೇ ಗ್ರೌಂಡಿನ್ಯಾಗ. ಮತ್ತೆಲ್ಲಿ?” ಎಂದು ಅವರು ನಕ್ಕರು.

ಕೊಟ್ರೇಶ ಎದ್ದ. ಬಾಗಿಲಲ್ಲಿ ಬಿಟ್ಟಿದ್ದ ಹೊಸ ಬೂಟುಗಳನ್ನು ಎತ್ತಿ ತಂದು, ನಿಜಲಿಂಗಪ್ಪನವರ ಬುಟ್ಟಿಯಲ್ಲಿ ಬಾಳೆಹಣ್ಣಿನ ಮೇಲೆ ಇಟ್ಟ. ಆಮೇಲೆ ಬರಿಗಾಲಲ್ಲೇ ಬೆಟಗೇರಿಯ ಬಸ್ಸು ಹಿಡಿಯಲು ನಡೆದ.